ಲಡಿಯ ಚೆಲುವು, ಹೆಣಿಗೆಯ ಚೆಲುವು

ಚಳಿಗಾಲ ಬಂತೆಂದರೆ ದೆಹಲಿಯ ಕರಕುಶಲ ಮೇಳಗಳಲ್ಲಿ ಕೈಯಿಂದ ಬಣ್ಣ ಹಾಕಿದ ಉಣ್ಣೆನೂಲಿನ ಲಡಿಗಳು ತೂಗಾಡತೊಡಗುತ್ತವೆ. ಊರಿನಲ್ಲಿ ಸ್ವೆಟರಿನ ಗೊಡವೆಯೇ ಇಲ್ಲದಿದ್ದ ನಮ್ಮ ಹೆಣ್ಣುಮಕ್ಕಳು ಇಲ್ಲಿಯ ಡಿಸೆಂಬರಿನ ದೆಸೆಯಿಂದ ಹೆಣಿಗೆಯಲ್ಲಿ ಪಳಗಿದ್ದಾರೆ. ಆದ್ದರಿಂದ ಈ ನೂಲಿನ ಗುಣದೋಷ ವಿಚಾರ ನಮ್ಮ ಪತ್ರಿಕೆಗೆ ಹೊರತಾದುದಲ್ಲ. ಹೆಚ್ಚು ಬೆಲೆ ತೆತ್ತು ಕೊಂಡು, ತಿಂಗಳುಗಟ್ಟಲೆ ಕುಳಿತು ಹೆಣೆದದ್ದು ಮೊದಲ ಒಗೆತಕ್ಕೇ ಕೂಸಿನ ಅಂಗಿಯಷ್ಟಾದರೆ ಆಗುವ ಸಂಕಟ ಹೆಣೆದವರಿಗೇ ಗೊತ್ತು.

ಲಡಿಗೆ ಕಟ್ಟಿದ ಚೀಟಿಯಲ್ಲಿ 'ಪ್ರಕೃತಿಯಿಂದ ಸ್ಫೂರ್ತಿ' ಎಂದಿರುತ್ತದೆ. ಸ್ಫೂರ್ತಿ ಬೇರೆ, ಮೂಲ ಬೇರೆ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಮಳೆಕಾಡು, ಸಂಜೆಗೆಂಪು ಎಂಬಂಥ ಹೆಸರಿನ ಲಡಿ ರಾಸಾಯನಿಕ ಬಣ್ಣದ್ದೇ ಆಗಿರಬಹುದು. ಅದನ್ನು ನಾವು ದೋಷವೆನ್ನುವುದಿಲ್ಲ. 1856ರಲ್ಲಿ ಪರ್ಕಿನ್ ಮೊದಲ ಕೃತಕ ನೇರಿಳೆ ಬಣ್ಣವನ್ನು ಮಾಡಿದಂದಿನಿಂದ ಈ ವಿದ್ಯೆ ಬಹಳ ಮುಂದೆ ಬಂದಿದೆ. ಉಣ್ಣೆಗೆಂದೇ ಇರುವ ಬಣ್ಣಗಳು ವಿನೆಗರ್ ಬೆರೆತ ಬಿಸಿನೀರಿನಲ್ಲಿ ಗಟ್ಟಿಯಾಗಿ ಹಿಡಿಯುತ್ತವೆ. ಗಿಡಮೂಲವೆಂದ ಮಾತ್ರಕ್ಕೆ ಬಣ್ಣ ನಿಲ್ಲುತ್ತದೆಂದೂ ಅಲ್ಲ. ಪಟಿಕ ಕೊಟ್ಟ ಉಣ್ಣೆಯ ಮೇಲೆ ಮಂಜಿಷ್ಠದ ಕೆಂಪು ಚೆನ್ನಾಗಿ ನಿಲ್ಲುತ್ತದೆ. ಅಕ್ರೋಟಿನ ಹೊರಸಿಪ್ಪೆಯ ಕಂದಿಗೆ ಪಟಿಕವೂ ಬೇಡ. ಆದರೆ ಅರಿಸಿನ ಬಿಸಿಲಿಗೆ ಬೇಗ ಮಾಸುತ್ತದೆ, ಸೋಪು ತಾಗಿದರೆ ಕೆಂಪಿಗೆ ತಿರುಗುತ್ತದೆ. ಆರತಿಯ ತಟ್ಟೆಯಲ್ಲಿ ಸುಣ್ಣ ಬೆರೆಸಿ ಓಕುಳಿ ಮಾಡುವ ನಮಗೆ ಇದನ್ನು ಹೇಳಬೇಕಿಲ್ಲ.

ನಮ್ಮ ಮುಖ್ಯ ತಕರಾರು ಬೇರೆ. ಈ ನೂಲಿನಲ್ಲಿ ಬಹಳಷ್ಟನ್ನು ತೂಗುಹಾಕಿ ನೋಡುವುದಕ್ಕೇ ಮಾಡಿದಂತಿದೆ. ಒಂದೇ ಲಡಿಯಲ್ಲಿ ಹಸಿರು, ಹಳದಿ, ಕೆಂಪು, ನೀಲಿ ಎಲ್ಲವನ್ನೂ ಸುರಿದರೆ ಕಣ್ಣಿಗೆ ಹಬ್ಬವೇನೋ ಸರಿ. ಹೆಣೆಯತೊಡಗಿದಾಗ ಮಾತ್ರ ಕಷ್ಟ ತಿಳಿಯುತ್ತದೆ. ಲಡಿಯ ಪ್ರತಿ ಸುತ್ತಿನಲ್ಲೂ ಬಣ್ಣಗಳು ಅದೇ ಕ್ರಮದಲ್ಲಿ ಬರುವುದರಿಂದ, ಹೆಣಿಗೆಯ ಅಗಲ ಆ ಸುತ್ತಿನ ಅಳತೆಗೆ ತಾಳೆಯಾದರೆ ಕೆಂಪಿನ ಮೇಲೆ ಕೆಂಪು, ನೀಲಿಯ ಮೇಲೆ ನೀಲಿ ಕುಳಿತು ಎದೆಯ ನಡುವೆ ಮಚ್ಚೆ ಏಳುತ್ತದೆ. ಕಾಡಿನ ಚೆಲುವು ಹೀಗಿರುವುದಿಲ್ಲ. ಅಲ್ಲಿ ಒಂದೇ ಹಸಿರಿಗೆ ನೂರು ಛಾಯೆ. ಒಂದೇ ಬಣ್ಣವನ್ನು ಎಲ್ಲೋ ಗಾಢ, ಎಲ್ಲೋ ತೆಳು ಮಾಡಿ ಬಿಟ್ಟ ಲಡಿಗಳೂ ಮೇಳದಲ್ಲಿ ಸಿಗುತ್ತವೆ. ನೋಡಲು ಸಪ್ಪೆ, ಹೆಣೆದ ಮೇಲೆ ಜೀವಂತ. ನಮ್ಮ ಮತ ಅವುಗಳಿಗೇ. ದಖ್ಖನಿ ಕುರಿಯ ಕರಿ ಉಣ್ಣೆಯಿಂದ ನೇಯ್ದ ನಮ್ಮ ಕಡೆಯ ಕಂಬಳಿಯನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣದ ಪಾತ್ರೆಯನ್ನೇ ಕಾಣದ ಆ ಕಪ್ಪಿನಲ್ಲಿ ಕಂದೂ ಇದೆ, ಬೂದಿಯೂ ಇದೆ.

ಎರಡು ಲಡಿ ಬೇಕಾದಾಗ ಒಂದೇ ಪಾತ್ರೆಯವನ್ನೇ ಕೇಳಿ ತರುವುದು ಲೇಸು. ಆಗಲೂ ಛಾಯೆ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ. ಎರಡೆರಡು ಸಾಲಿಗೊಮ್ಮೆ ಲಡಿ ಬದಲಿಸುತ್ತ ಹೆಣೆದರೆ ಕಣ್ಣಿಗೆ ಬೀಳದು.

ಒಗೆಯುವ ಬಗ್ಗೆ ಚೀಟಿಗಳು ಬಾಯಿ ಬಿಡದಿರುವುದು ದೊಡ್ಡ ಕೊರತೆ. ಉಣ್ಣೆಯ ಎಳೆಯ ಮೈಮೇಲೆ ಮೀನಿಗಿರುವಂತೆ ಸಣ್ಣ ಹುರುಪೆಗಳಿವೆ. ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಡ್ಡಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ತಣ್ಣೀರು, ಉಣ್ಣೆಗೆಂದೇ ಇರುವ ಸೌಮ್ಯ ದ್ರಾವಣ, ಹತ್ತು ನಿಮಿಷ ನೆನೆಸುವುದು, ಅಷ್ಟು ಸಾಕು. ಹತ್ತಿಬಟ್ಟೆಗೆ ಬಳಸುವ ಕಾರದ ಪುಡಿ ಖಂಡಿತ ಬೇಡ. ಹಿಂಡದೆ, ಟವೆಲಿನಲ್ಲಿ ಸುರುಳಿ ಸುತ್ತಿ ನೀರು ತೆಗೆದು, ನೆರಳಿನಲ್ಲಿ ಮಲಗಿಸಿ ಒಣಗಿಸಬೇಕು. ಹಗ್ಗಕ್ಕೆ ತೂಗುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ. ಗಾಢ ಕೆಂಪು, ನೀಲಿಗಳನ್ನು ಮೊದಲ ಸಲ ಬೇರೆಯಾಗಿಯೇ ಒಗೆಯಿರಿ. ಬೇಸಿಗೆಗೆ ಎತ್ತಿಡುವಾಗಲಂತೂ ಒಗೆದೇ ಇಡಬೇಕು, ನುಸಿಯ ಮರಿಗೆ ಬೆವರು ತಾಗಿದ ಉಣ್ಣೆ ಹೆಚ್ಚು ಪ್ರಿಯ.

ಮಾರುವವರಲ್ಲಿ ನಮ್ಮ ಕೋರಿಕೆ ಇಷ್ಟೆ: ಪ್ರತಿ ಬಣ್ಣದ ಲಡಿಯ ಪಕ್ಕದಲ್ಲಿ ಅದೇ ನೂಲಿನಿಂದ ಹೆಣೆದು, ನಾಲ್ಕು ಸಲ ಒಗೆದ ಅಂಗೈಯಗಲದ ತುಂಡೊಂದನ್ನು ಇಡಲಿ. ಹೆಸರನ್ನು ಆಮೇಲೆ ಓದಿಕೊಳ್ಳುತ್ತೇವೆ.