ಬೋಳುತಲೆಯ ಕಥೆ: ನಗು ಮುಗಿದ ಮೇಲೆ

ರಾಜ್ ಬಿ. ಶೆಟ್ಟಿಯವರು ಬರೆದು, ನಿರ್ದೇಶಿಸಿ, ತಾವೇ ನಟಿಸಿದ 'ಒಂದು ಮೊಟ್ಟೆಯ ಕಥೆ' ತೆರೆಗೆ ಬಂದದ್ದು 2017ರಲ್ಲಿ. ಮಂಗಳೂರಿನ ಕನ್ನಡ ಉಪನ್ಯಾಸಕ ಜನಾರ್ದನನ ತಲೆಯಲ್ಲಿ ಕೂದಲಿಲ್ಲ, ಹಾಗಾಗಿ ಅವನಿಗೆ ಹೆಣ್ಣು ಸಿಗುವುದಿಲ್ಲ. ಇಷ್ಟು ಸಣ್ಣ ಎಳೆಯ ಮೇಲೆ ನಿಂತ ಚಿತ್ರ ಕನ್ನಡಿಗರನ್ನು ನಗಿಸಿತು, ಒಂದಿಷ್ಟು ಮುಜುಗರಕ್ಕೂ ದೂಡಿತು. 2019ರಲ್ಲಿ ಇದೇ ಕಥೆ ಮಲಯಾಳದಲ್ಲಿ 'ತಮಾಶಾ' ಆಯಿತು, ಹಿಂದಿಯಲ್ಲಿ 'ಉಜ್ಡಾ ಚಮನ್' ಆಯಿತು. ಅದೇ ನವೆಂಬರಿನಲ್ಲಿ, ಬೋಳುತಲೆಯ ಮೇಲೆಯೇ ನಿಂತ ಇನ್ನೊಂದು ಹಿಂದಿ ಚಿತ್ರ 'ಬಾಲಾ' ಕೂಡ ಬಂದು, ಕಥೆ ಯಾರದೆಂಬ ಜಗಳವೂ ನಡೆಯಿತು. ಕೂದಲು ಉದುರಿದ ಯುವಕ ಇದ್ದಕ್ಕಿದ್ದಂತೆ ಭಾರತೀಯ ಸಿನಿಮಾದ ನಾಯಕನಾದ.

ಈ ಎಲ್ಲದರಲ್ಲಿ ನಮ್ಮ ಕನ್ನಡದ ಚಿತ್ರವೇ ಹೆಚ್ಚು ಪ್ರಾಮಾಣಿಕವಾದದ್ದು. ಅದಕ್ಕೊಂದು ಸರಳ ಕಾರಣವಿದೆ. ಶೆಟ್ಟಿಯವರು ತಮ್ಮ ನಿಜವಾದ ತಲೆಯನ್ನೇ ಕ್ಯಾಮೆರಾದ ಮುಂದಿಟ್ಟರು. ಹಿಂದಿಯ ನಾಯಕನಟರು ಮೇಕಪ್ಪಿನಿಂದ ಬೋಳಾಗಿ, ಚಿತ್ರೀಕರಣ ಮುಗಿದ ಮೇಲೆ ತಮ್ಮ ದಟ್ಟ ಕೂದಲಿಗೆ ಮರಳಿದರು. 'ಬಾಲಾ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎಡವಿತು. ಇದ್ದ ರೂಪವನ್ನು ಒಪ್ಪಿಕೊಳ್ಳಿ ಎಂದು ಉಪದೇಶಿಸುವ ಆ ಚಿತ್ರ, ಕಪ್ಪು ಹುಡುಗಿಯ ಪಾತ್ರಕ್ಕೆ ಬಿಳಿ ಮೈಬಣ್ಣದ ನಟಿಗೆ ಕಪ್ಪು ಬಳಿಯಿತು.

ಆದರೂ ಈ ಎಲ್ಲ ಚಿತ್ರಗಳು ಒಂದು ಜಾಗಕ್ಕೆ ಬಂದು ನಿಲ್ಲುತ್ತವೆ. ನಿನ್ನನ್ನು ನೀನು ಒಪ್ಪಿಕೋ ಎಂಬುದೇ ಆ ಜಾಗ. 'ಬಾಲಾ'ದಲ್ಲಿ ನಾಯಕ ಮಾಡುವ ಚಿಕಿತ್ಸೆಗಳು ನಗೆಯ ಸರಣಿಯಾಗಿ ಬಂದು ಹೋಗುತ್ತವೆ. ಸಕ್ಕರೆ ಕಾಯಿಲೆಯ ನೆಪದಲ್ಲಿ ಕೂದಲು ಕಸಿಯ ದಾರಿ ಮುಚ್ಚುತ್ತದೆ, ಉಳಿಯುವುದು ವಿಗ್ ಮಾತ್ರ. ಆದರೆ ಇಂದಿನ ಯುವಕ ನಿಜಕ್ಕೂ ಎದುರಿಸುವ ಪ್ರಶ್ನೆ ಇದಲ್ಲ. ಅವನ ಮುಂದಿರುವುದು ಕೆಲಸ ಮಾಡುವ ಒಂದು ಮಾತ್ರೆ, ಮತ್ತು ಅದರ ಜೊತೆಗೆ ಬರುವ ಒಂದು ಎಚ್ಚರಿಕೆ. ಚಿಕಿತ್ಸೆ ಸುಳ್ಳಾಗಿದ್ದರೆ ನಗಬಹುದಿತ್ತು. ನಿಜವಾಗಿರುವುದರಿಂದಲೇ ಅದು ಸಂಕಟವಾಗಿದೆ. ಆ ಸಂಕಟದ ಕಥೆಯನ್ನು ಈ ಚಿತ್ರಗಳು ಹೇಳಲಿಲ್ಲ.

ಕನ್ನಡಕ್ಕೆ ಬೋಳುತಲೆ ಹೊಸ ವಸ್ತುವಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ', ಅದನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ ಮಾಡಿದ ಚಿತ್ರ, ಬಾಲವಿಧವೆಯ ಬೋಳಿಸಿದ ತಲೆಯನ್ನು ನಮ್ಮ ಮನಸ್ಸಾಕ್ಷಿಯ ಮುಂದಿಟ್ಟವು. ನಮ್ಮ ಬೀದಿಯ ಅತಿ ಕೆಟ್ಟ ಬೈಗುಳವೊಂದು ಆ ತಲೆಯಿಂದಲೇ ಹುಟ್ಟಿದೆ ಎಂಬುದನ್ನು ನಾವು ಮರೆತಿದ್ದೇವೆ. ಜೈನ ಮುನಿಯ ಕೇಶಲೋಚ, ತಿರುಪತಿಯ ಮುಡಿ, ಹಜ್ ಮುಗಿಸಿದ ಹಾಜಿಯ ಬೋಳುತಲೆ ಇವೆಲ್ಲಕ್ಕೂ ಅರ್ಥವಿದೆ, ಗೌರವವಿದೆ. ಬಲವಂತದಿಂದ ಬೋಳಾದ ತಲೆಗೆ ಕರುಣೆ, ಹರಕೆಯಿಂದ ಬೋಳಾದ ತಲೆಗೆ ಭಕ್ತಿ. ತಾನಾಗಿಯೇ ಬೋಳಾದ ಇಪ್ಪತ್ತೆರಡರ ಹುಡುಗನಿಗೆ ಮಾತ್ರ ನಾವು ಇಟ್ಟಿರುವುದು ನಗೆ. ಉರ್ದುವಿನಲ್ಲಿ 'ಗಂಜಾ', ಕನ್ನಡದಲ್ಲಿ 'ಮೊಟ್ಟೆ'.

ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಯ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ತೆಂಗಿನ ಸೀಮೆ ಅದು. ತಲೆಗೆ ಏನೇ ಆದರೂ ಅಮ್ಮಿ ಕೊಡುವ ಮದ್ದು ಕೊಬ್ಬರಿ ಎಣ್ಣೆ. ಗಲ್ಫಿಗೆ ಹೋಗಿಬಂದ ಮಾಮುವಿನ ಪ್ರಕಾರ ಎಲ್ಲಕ್ಕೂ ಕಾರಣ ನೀರು. ಶುಕ್ರವಾರ ಟೋಪಿ ಅವನನ್ನು ಕಾಯುತ್ತದೆ. ಕೃತಕ ಕೂದಲು ಜೋಡಿಸುವುದು ಸಲ್ಲದೆಂದು ಬಹಳಷ್ಟು ಉಲೇಮಾಗಳು ಹೇಳುವುದರಿಂದ ವಿಗ್‌ನ ಮಾತಿಲ್ಲ, ಆದರೆ ಔಷಧಕ್ಕೆ ಅಡ್ಡಿಯಿಲ್ಲ. ಗೆಳೆಯರ ಜೊತೆ ಜಾವಗಲ್ ದಾರಿಯಲ್ಲಿ ಹಳೇಬೀಡಿಗೆ ಹೋದರೆ, ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳಲ್ಲಿ ಎಲ್ಲರೂ ಮುಖ ನೋಡಿಕೊಳ್ಳುತ್ತಾರೆ. ಅವನು ನೋಡಿಕೊಳ್ಳುವುದು ಹಣೆಯನ್ನು. ಬೇಲೂರಿನ ದರ್ಪಣಸುಂದರಿ ಶತಮಾನಗಳಿಂದ ಕನ್ನಡಿ ಹಿಡಿದು ನಿಂತಿದ್ದಾಳೆ, ಅವಳನ್ನು ಯಾರೂ ಗೇಲಿ ಮಾಡಿಲ್ಲ. ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತ ಗಂಡು ಹುಡುಗನನ್ನು ಮನೆಯವರೇ ಬಿಡುವುದಿಲ್ಲ.

ಇವನಿಗೆ ಒಂದು ದಿನ ಸಿಗುವ ಹೆಸರು ಫಿನಾಸ್ಟರೈಡ್. ಈ ಮಾತ್ರೆಯ ಹಿಂದಿನ ಕಥೆ ಯಾವ ಸಿನಿಮಾಕ್ಕೂ ಕಡಿಮೆಯದಲ್ಲ. 1974ರಲ್ಲಿ ಜೂಲಿಯನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಮತ್ತು ಸಂಗಡಿಗರು ಡೊಮಿನಿಕನ್ ಗಣರಾಜ್ಯದ ಹಳ್ಳಿಯೊಂದರ ಕೆಲವರ ಬಗ್ಗೆ ಬರೆದರು. ಹುಟ್ಟಿದಾಗ ಹೆಣ್ಣೆಂದು ಬೆಳೆದ ಆ ಮಕ್ಕಳು ಹರೆಯದಲ್ಲಿ ಗಂಡಾಗುತ್ತಿದ್ದರು. ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನನ್ನು ಡಿಎಚ್‌ಟಿಯಾಗಿ ಮಾರ್ಪಡಿಸುವ ಕಿಣ್ವದ ಕೊರತೆ ಅವರಲ್ಲಿತ್ತು. ಅವರ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗಿಯೇ ಉಳಿಯುತ್ತಿತ್ತು, ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನೇ ತಡೆಯುವ ಮಾತ್ರೆ ಪ್ರಾಸ್ಟೇಟ್ ಊತಕ್ಕೆಂದು 5 ಮಿಲಿಗ್ರಾಂನಲ್ಲಿ 1992ರಲ್ಲಿ, ಕೂದಲಿಗೆಂದು 1 ಮಿಲಿಗ್ರಾಂನಲ್ಲಿ 1997ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ತಲೆಗೆ ಹಚ್ಚುವ ಮಿನಾಕ್ಸಿಡಿಲ್‌ನದು ಬೇರೆ ಕಥೆ. ರಕ್ತದೊತ್ತಡಕ್ಕೆ ನುಂಗಿದವರ ಮೈಯಲ್ಲಿ ಕೂದಲು ಬೆಳೆದದ್ದು ಕಂಡು ಅದನ್ನು ತಲೆಗೆ ತಂದರು.

ಮಾತ್ರೆ ಕೆಲಸ ಮಾಡುತ್ತದೆ. ಆದರೆ ತಿಂಗಳುಗಟ್ಟಲೆ ಕಾಯಬೇಕು, ನಿಲ್ಲಿಸಿದರೆ ಒಂದು ವರ್ಷದೊಳಗೆ ಲಾಭವೆಲ್ಲ ಹೋಗುತ್ತದೆ. ಅಂದರೆ ಇಪ್ಪತ್ತೆರಡರಲ್ಲಿ ಶುರು ಮಾಡಿದವನು ದಶಕಗಳ ಲೆಕ್ಕ ಹಾಕಬೇಕು. ಒಪ್ಪಿಗೆಗೆ ಮುಂಚಿನ ಪ್ರಯೋಗಗಳಲ್ಲಿ ಲೈಂಗಿಕ ತೊಂದರೆ ಹೇಳಿಕೊಂಡವರು ಮಾತ್ರೆ ನುಂಗಿದವರಲ್ಲಿ ಶೇ. 3.8, ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 2.1. ನೂರರಲ್ಲಿ ಸುಮಾರು ಇಬ್ಬರ ವ್ಯತ್ಯಾಸ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ ನಿಲ್ಲಿಸಿದ ಮೇಲೂ ಕೆಲವರಲ್ಲಿ ತೊಂದರೆ ಮುಂದುವರಿದ ವರದಿಗಳು ಬಂದು, 2011 ಮತ್ತು 2012ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆಯ ಮಾತುಗಳನ್ನು ಸೇರಿಸಿತು. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸಮಿತಿ, ಆತ್ಮಹತ್ಯೆಯ ಯೋಚನೆ ಈ ಮಾತ್ರೆಯ ಅಡ್ಡ ಪರಿಣಾಮವೆಂದು ದೃಢಪಡಿಸಿತು. ಸಮಿತಿಯ ಮುಂದಿದ್ದ ಇಂಥ ಪ್ರಕರಣಗಳು 313, ಅದೇ ಕಡತದಲ್ಲಿ ಮಾತ್ರೆ ಬಳಕೆಯ ಅಂದಾಜು 27 ಕೋಟಿ ರೋಗಿ-ವರ್ಷಗಳು. ಅಪರೂಪ ಎನ್ನಬಹುದು. ತನ್ನ ಮನೆಯಲ್ಲಿ ನಡೆದವನಿಗೆ ಅಪರೂಪ ಎಂಬ ಪದಕ್ಕೆ ಬೆಲೆಯಿಲ್ಲ.

ಇನ್ನೊಂದು ತೊಡಕಿದೆ. 2007ರಲ್ಲಿ ಇಟಲಿಯ ಸಂಶೋಧಕರು ಇದೇ ಔಷಧದ 5 ಮಿಲಿಗ್ರಾಂ ಪ್ರಮಾಣವನ್ನು ಪ್ರಾಸ್ಟೇಟ್ ರೋಗಿಗಳಿಗೆ ಕೊಟ್ಟು ನೋಡಿದರು. ಲೈಂಗಿಕ ತೊಂದರೆ ಆಗಬಹುದೆಂದು ಮೊದಲೇ ತಿಳಿಸಿದವರಲ್ಲಿ ಶೇ. 43.6 ಮಂದಿ ತೊಂದರೆ ಹೇಳಿದರು. ತಿಳಿಸದೆ ಇದ್ದವರಲ್ಲಿ ಶೇ. 15.3. ಹಾಗಾದರೆ ಭಯವೂ ಒಂದು ಔಷಧದಂತೆ ಕೆಲಸ ಮಾಡುತ್ತದೆ. ಇದನ್ನು ಹಿಡಿದು, ನರಳುವವರದ್ದೆಲ್ಲ ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ. ಭಯದ ಪಾಲೇ ಇಲ್ಲ ಎನ್ನುವುದೂ ಸುಳ್ಳು. ಓದಿದರೆ ಭಯ, ಓದದಿದ್ದರೆ ಕುರುಡು: ಹುಡುಗ ಈ ಎರಡರ ನಡುವೆ ನಿಂತಿದ್ದಾನೆ.

ಅವನು ಓದಬೇಕಾದ ಚೀಟಿಯಾದರೂ ಎಂಥದು? ಇರುವೆ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲೋ ಉರ್ದು ಶಾಲೆಯಲ್ಲೋ ಓದಿದ ಹುಡುಗನಿಗೆ ತನ್ನ ದೇಹದ ಬಗ್ಗೆ ಮಾತಾಡಲು ಇರುವ ಪದಗಳು ಪುಸ್ತಕದಿಂದ ಬಂದವಲ್ಲ, ಗೋಡೆಯಿಂದ ಬಂದವು. ರೈಲು ಹಳಿಯ ಪಕ್ಕದ ಗೋಡೆಗಳಲ್ಲಿ 'ಗುಪ್ತ ರೋಗ', 'ಮರ್ದಾನಾ ಕಮ್ಜೋರಿ' ಎಂದು ದೊಡ್ಡದಾಗಿ ಬರೆದಿರುತ್ತದೆ. ಪಕ್ಕದಲ್ಲೇ 'ಕೂದಲು ಉದುರುವುದೇ?' ಎಂಬ ಇನ್ನೊಂದು ಜಾಹೀರಾತು. ಈ ಮಾತ್ರೆ ನುಂಗುವ ಹುಡುಗನ ಹೆದರಿಕೆ ಇಷ್ಟೇ: ಎರಡನೇ ಗೋಡೆಯಿಂದ ಪಾರಾಗಲು ಹೋಗಿ ಮೊದಲನೇ ಗೋಡೆಗೆ ಬೀಳುವೆನೇ? ಗಂಡಸಾಗಿ ಕಾಣುವುದು ಒಂದು, ಗಂಡಸಾಗಿ ಇರುವುದು ಇನ್ನೊಂದು ಎಂದು ಸಮಾಜ ಅವನಿಗೆ ಕಲಿಸಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದ ಗಳಿಗೆಯಲ್ಲಿ ಮಾತಾಡಲು ಯಾರೂ ಇಲ್ಲ. ಅಬ್ಬಾನ ಮುಂದೆ ಆಗದು. ಡಾಕ್ಟರರ ಮುಂದೆ ಬಾಯಿಂದ ಬರುವುದು 'ವೀಕ್‌ನೆಸ್' ಎಂಬ ಒಂದೇ ಪದ.

ಈ ಮೌನದಲ್ಲಿ ಮಾರುಕಟ್ಟೆ ಬೆಳೆಯುತ್ತದೆ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೋನಿ ಇದೆ. ಎಣ್ಣೆ, ಗಿಡಮೂಲಿಕೆ ಮಾರುತ್ತ ದೇಶ ಸುತ್ತುವುದು ಈ ಸಮುದಾಯದ ಅನೇಕರ ಬದುಕು. ಇದೇ ಸಮುದಾಯದ, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ 'ಆದಿವಾಸಿ' ಕೂದಲೆಣ್ಣೆ ಈಚಿನ ವರ್ಷಗಳಲ್ಲಿ ದೇಶಕ್ಕೆಲ್ಲ ಪರಿಚಯವಾಯಿತು. ಔಷಧವೆಂದು ಮಾರುವ ಯಾವುದೂ ಬೋಳುತಲೆಯನ್ನು ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದೆಂದು 1945ರ ಔಷಧ ನಿಯಮಗಳ 'ಜೆ' ಪಟ್ಟಿ ಹೇಳುತ್ತದೆ. ಎಣ್ಣೆ ಮಾರುವ ಅಲೆಮಾರಿಯನ್ನು ನಾವು ಸುಲಭವಾಗಿ ಮೋಸಗಾರ ಎನ್ನುತ್ತೇವೆ. ಹವಾನಿಯಂತ್ರಿತ ಕ್ಲಿನಿಕ್ಕಿನಲ್ಲಿ, ಅಡ್ಡ ಪರಿಣಾಮದ ಬಗ್ಗೆ ಒಂದು ಮಾತೂ ಆಡದೆ ಆರು ತಿಂಗಳ ಮಾತ್ರೆ ಬರೆದುಕೊಡುವವನಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲ. ಎಣ್ಣೆಯಿಂದ ಹೋಗುವುದು ಹೆಚ್ಚಾಗಿ ದುಡ್ಡು.

ಮಾತ್ರೆ ಬೇಡ ಎಂಬುದು ನನ್ನ ವಾದವಲ್ಲ. ತಿಳಿದು ನುಂಗಿದವನು ಹೇಡಿಯಲ್ಲ, ಬೇಡವೆಂದವನು ವೀರನೂ ಅಲ್ಲ. ನಲವತ್ತು ದಾಟಿದ ನಮ್ಮಂಥವರು 'ಒಪ್ಪಿಕೋ' ಎನ್ನುವುದು ಸುಲಭ, ನಮ್ಮ ನಿಕಾಹ್ ಆಗಿದೆ. ರಜನೀಕಾಂತ್ ವಿಗ್ ತೆಗೆದು ಜನರ ನಡುವೆ ಬಂದರೆ ಅದು ಸರಳತೆ ಎನಿಸಿಕೊಳ್ಳುತ್ತದೆ. ಹೆಣ್ಣು ನೋಡಲು ಹೋದ ಮೊಬೈಲ್ ಅಂಗಡಿಯ ಹುಡುಗ ಟೋಪಿ ತೆಗೆದರೆ ಅವನ ಪಾಲಿಗೆ ಅಂಥ ಪದವಿಲ್ಲ. ಆತ್ಮಸ್ವೀಕಾರದ ಉಪದೇಶವನ್ನು ಹುಡುಗನಿಗೆ ಮಾಡುವ ಮೊದಲು ಹೆಣ್ಣಿನ ಕಡೆಯವರಿಗೆ, ಮತ್ತು ಹೆಣ್ಣಿನ ಮೈಬಣ್ಣ ಅಳೆಯುವ ಗಂಡಿನ ಕಡೆಯವರಿಗೆ ಮಾಡಬೇಕಾಗಿದೆ.

'ಒಂದು ಮೊಟ್ಟೆಯ ಕಥೆ' ನಗುವಿನ ಬಾಗಿಲು ತೆರೆಯಿತು, ಅದು ಸಣ್ಣ ಕೆಲಸವಲ್ಲ. ಅದರಾಚೆ ಹೋಗುವ ಕಥೆಯಲ್ಲಿ ಬೋಳುತಲೆ ಇರಬೇಕಾಗಿಲ್ಲ. ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು, ಯಾರನ್ನು ಕೇಳಲಿ ಎಂದು ಯೋಚಿಸುತ್ತ ಜಂಕ್ಷನ್ನಿನ ಬೆಂಚಿನ ಮೇಲೆ ಕುಳಿತ ಹುಡುಗ ಇದ್ದರೆ ಸಾಕು. ಹೆಣ್ಣಿನ ದೇಹದ ಸಂಕಟಕ್ಕೆ ಮಾತು ಕೊಡಲು ನಮ್ಮ ಲೇಖಕಿಯರು ದಶಕಗಳ ಕಾಲ ಬೈಸಿಕೊಂಡರು. ಗಂಡು ತನ್ನ ದೇಹದ ಭಯವನ್ನು ಹೇಳಿಕೊಳ್ಳುವ ಕನ್ನಡ ಇನ್ನೂ ಗೋಡೆಬರಹದಲ್ಲೇ ಇದೆ. ಅದನ್ನು ಅಲ್ಲಿಂದ ಇಳಿಸಿ ಕಥೆಗೆ ತರುವವರು ಬೇಕಾಗಿದ್ದಾರೆ.