ವೃಷ್ಟಿಶಾಸ್ತ್ರವೂ ಸಮುದ್ರವೀಕ್ಷಣೆಯೂ

ವರಾಹಮಿಹಿರಾಚಾರ್ಯನ ಬೃಹತ್ಸಂಹಿತೆಯಲ್ಲಿ ಗರ್ಭಲಕ್ಷಣ, ಗರ್ಭಧಾರಣ, ಪ್ರವರ್ಷಣಗಳೆಂಬ ಮೂರು ಅಧ್ಯಾಯಗಳು ಮಳೆಗೆ ಮೀಸಲಾಗಿವೆ. ಮೇಘವು ಗರ್ಭಧರಿಸಿದಂದಿನಿಂದ 195ನೆಯ ದಿನ ಪ್ರಸವವಾಗಿ ಮಳೆಗರೆಯುವುದೆಂಬುದು ಅಲ್ಲಿಯ ಸಿದ್ಧಾಂತ. ಇಂದು ಕಡಲಿನಲ್ಲಿ ಯಂತ್ರಗಳನ್ನು ತೇಲಿಬಿಟ್ಟು ಅರಿಯುವುದನ್ನೆಲ್ಲ ಪ್ರಾಚೀನರು ಅಂಗಳದಲ್ಲಿ ನಿಂತೇ ಅರಿತಿದ್ದರೆಂದು ಈ ಅಧ್ಯಾಯಗಳ ಬಲದಿಂದ ವಾದಿಸುವ ವಾಡಿಕೆ ವಿದ್ವದ್ಗೋಷ್ಠಿಗಳಲ್ಲುಂಟು. ಈ ವಾದವು ಆಚಾರ್ಯನಿಗೂ ನ್ಯಾಯ ಮಾಡುವುದಿಲ್ಲ, ಮಳೆಯನ್ನು ನಂಬಿ ಬಿತ್ತುವವನಿಗೂ ಮಾಡುವುದಿಲ್ಲ.

ಪ್ರಾಚೀನರ ನಿಜವಾದ ಹಿರಿಮೆಯು ಅಳೆಯುವುದರಲ್ಲಿತ್ತು. ಕೋಷ್ಠಾಗಾರದಲ್ಲಿ ಅರತ್ನಿಯಷ್ಟು ಬಾಯುಳ್ಳ ಕುಂಡವನ್ನು ಮಳೆಯಳೆಯಲು ಇರಿಸಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಜಾಂಗಲದೇಶಕ್ಕೆ 16 ದ್ರೋಣ, ಅವಂತಿಗೆ 23, ಅಶ್ಮಕಕ್ಕೆ ‘ಅರ್ಧತ್ರಯೋದಶ’, ಅಪರಾಂತಕ್ಕೆ ಅಮಿತ ಎಂದು ದೇಶಭೇದದಿಂದ ಲೆಕ್ಕವನ್ನೂ ಕೊಟ್ಟಿದ್ದಾನೆ. (ಶಾಮಶಾಸ್ತ್ರಿಗಳು ಈ ಪದಕ್ಕೆ ಹದಿಮೂರೂವರೆ ಎಂದು ಅರ್ಥಮಾಡಿದರು, ಅರ್ಧತೃತೀಯವೆಂದರೆ ಎರಡೂವರೆಯಾಗುವ ರೀತಿಯಲ್ಲಿ ಇದು ಹನ್ನೆರಡೂವರೆಯಾಗುವುದೇ ಯುಕ್ತ.) ಕೊಂಕಣದ ಕರಾವಳಿಯಲ್ಲಿ ಅಳತೆಮೀರಿದ ಮಳೆ, ಘಟ್ಟದ ಮೂಡಲಿಗೆ ಕೊರತೆ ಎಂಬ ವಿಷಯ ಈ ಲೆಕ್ಕದಲ್ಲಿ ಸ್ಪಷ್ಟವಾಗಿದೆ. ಆದರೆ ಈ ಭೇದಕ್ಕೆ ಕಾರಣವೇನೆಂದು ಯಾರೂ ಕಡಲನ್ನು ಕೇಳಲಿಲ್ಲ.

ಕವಿಗಳಿಗಂತೂ ಕಡಲು ಅಷ್ಟಾದಶವರ್ಣನೆಗಳಲ್ಲೊಂದು. ಅದು ರತ್ನಾಕರ, ಮಂದರದಿಂದ ಕಡೆಯಲ್ಪಟ್ಟದ್ದು, ಬಡಬಾನಲಕ್ಕೆ ಮನೆ. ಆ ಬಡಬಾನಲವೇ ಸಾಗರದ ಉಷ್ಣತೆಯ ಪ್ರಾಚೀನ ಜ್ಞಾನವೆಂದು ಸಾಧಿಸಹೊರಡುವವರೂ ಉಂಟು. ಕವಿಸಮಯವನ್ನು ಉಷ್ಣಮಾಪಕವಾಗಿ ಓದುವುದು ಕಾವ್ಯಕ್ಕೂ ಶಾಸ್ತ್ರಕ್ಕೂ ಸಮಾನವಾದ ಅಪಚಾರ.

ದೇವರ ಹಿಪ್ಪರಗಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ವಿಷಯವು ವಿಶದವಾಗುವುದು. ಮಡಿವಾಳ ಮಾಚಯ್ಯನ ಜನ್ಮಸ್ಥಳವೆಂದು ಪ್ರಸಿದ್ಧವಾದ ಈ ಊರು ಪಡುಗಡಲಿಂದ ಸುಮಾರು 300 ಕಿಲೋಮೀಟರು ಒಳಗೆ, ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ವಿಜಯಪುರ ಜಿಲ್ಲೆಯ ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರು. ಕಾರವಾರದ ಕಡೆ ಇದರ ನಾಲ್ಕೈದು ಪಾಲು. ಇಲ್ಲಿಯ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವನ್ನೂ ಕಡಲೆಯನ್ನೂ ಕಾಯುವವು ಉತ್ತರಿ, ಹಸ್ತಿ, ಚಿತ್ತಿ ಮಳೆಗಳು. ಇವನ್ನು ತರುವ ವಾಯುಭಾರದ ಕುಸಿತಗಳಲ್ಲಿ ಅನೇಕವು ಬಂಗಾಳ ಕೊಲ್ಲಿಯಲ್ಲಿ ಹುಟ್ಟುವುವು. ಮುಂಗಾರಿಯು ಪಡುವಣದಿಂದ ಬರುವುದು. ಹೀಗೆ ಕಡಲನ್ನೇ ಕಾಣದ ಒಕ್ಕಲಿಗನು ಎರಡು ಕಡಲುಗಳಿಗೆ ಅಧೀನನಾಗಿದ್ದಾನೆ. ನಕ್ಷತ್ರದ ಮಳೆಗಳನ್ನು ಸೂರ್ಯನ ನಕ್ಷತ್ರಪ್ರವೇಶದಿಂದ ಎಣಿಸುವರಷ್ಟೆ. ಅಯನಚಲನದ ದೆಸೆಯಿಂದ, ವರಾಹಮಿಹಿರನ ಕಾಲಕ್ಕಿಂತ ಈಗ ಆ ಪ್ರವೇಶವು ಋತುಮಾನದಲ್ಲಿ ಸುಮಾರು ಮೂರು ವಾರ ಹಿಂದೆ ಬಿದ್ದಿದೆ. ಒಕ್ಕಲಿಗನ ಗಾದೆ ಬಾಯಿಂದ ಬಾಯಿಗೆ ತಿದ್ದಿಕೊಂಡೀತು. ಗ್ರಂಥದ ಸೂತ್ರವು ತಿದ್ದಿಕೊಳ್ಳದು.

ಈಗಿನವರ ಮಾರ್ಗವು ಬೇರೆ. 1959ರಿಂದ 1965ರ ವರೆಗೆ ನಡೆದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಕಾಲದಲ್ಲಿ ಹಡಗು ಹೋದ ದಾರಿಯಷ್ಟೇ ತಿಳಿಯುತ್ತಿತ್ತು. ಬಳಿಕ ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಅರಬ್ಬೀ ಸಮುದ್ರದಲ್ಲಿಯೂ ಬಂಗಾಳ ಕೊಲ್ಲಿಯಲ್ಲಿಯೂ ಲಂಗರು ಹಾಕಿದ ತೇಲುಯಂತ್ರಗಳನ್ನು ನಿಲ್ಲಿಸಿತು. 2004ರಿಂದ ‘ರಾಮಾ’ ಎಂಬ ಅಂತಾರಾಷ್ಟ್ರೀಯ ಸಾಲು ಹಿಂದೂ ಮಹಾಸಾಗರದಲ್ಲಿ ಬೆಳೆಯಿತು. ಆರ್ಗೋ ಯಂತ್ರಗಳು ಸುಮಾರು 1000 ಮೀಟರು ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಏರುವಾಗ ಉಷ್ಣತೆಯನ್ನೂ ಲವಣತೆಯನ್ನೂ ಅಳೆದು, ಉಪಗ್ರಹದ ಮೂಲಕ ವರದಿಯೊಪ್ಪಿಸುತ್ತವೆ. 1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವು ಇಂತಹ ವರದಿಗಳನ್ನು ಸಂಗ್ರಹಿಸುತ್ತದೆ.

ಅದೇ 1999ರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾತ ಇವರು ಹಿಂದೂ ಮಹಾಸಾಗರದ ದ್ವಿಧ್ರುವವನ್ನು ನಿರೂಪಿಸಿದರು: ಕೆಲವು ವರ್ಷ ಪಡುವಣ ಭಾಗ ಬೆಚ್ಚಗಾಗಿ ಸುಮಾತ್ರದ ಕಡೆ ತಂಪಾಗುವುದು. 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ಭಾರತದ ಮಳೆ ಕೆಡದಿದ್ದುದಕ್ಕೆ ಇದನ್ನು ಒಂದು ಕಾರಣವೆನ್ನುವರು. 2019ರಲ್ಲಿಯೂ ಈ ಸ್ಥಿತಿ ಅತಿ ಪ್ರಬಲವಾಗಿತ್ತು. ಅಂಗಳದಲ್ಲಿ ನಿಂತು ಮುಗಿಲು ನೋಡುವವನಿಗೆ ಸುಮಾತ್ರದ ನೀರಿನ ತಂಪು ಕಾಣುವುದೆಂತು?

ಹಾಗೆಂದು ಈ ಜಾಲವನ್ನು ವೇದವಾಕ್ಯವೆಂದು ಹಿಡಿಯತಕ್ಕದ್ದಲ್ಲ. ಮೀನುಗಾರಿಕೆಯ ದೋಣಿಗಳ ಕೈಯಲ್ಲಿ ತೇಲುಯಂತ್ರಗಳು ಕೆಡುವುದುಂಟು. ಸೋಮಾಲಿಯದ ಕಡೆಯ ಕಡಲುಗಳ್ಳರ ಭಯದಿಂದ ‘ರಾಮಾ’ ಸಾಲಿನ ಪಡುವಣ ಭಾಗವು ಬಹುಕಾಲ ತಡೆದುನಿಂತಿತು. ಎಲ್ಲ ಯಂತ್ರಗಳೂ ನೆಟ್ಟಗಿದ್ದರೂ ಕಡಲಿನ ಸ್ಥಿತಿಯಿಂದ ಒಂದು ಹೋಬಳಿಯ ಹಸ್ತಿಮಳೆಯನ್ನು ಹೇಳಲಾಗದು.

ಕರ್ನಾಟಕದಲ್ಲಿ 1988ರ ಬರಪರಿವೀಕ್ಷಣಾ ಘಟಕದಿಂದ ಬೆಳೆದುಬಂದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನಿರಿಸಿದೆ. ಕೌಟಿಲ್ಯನ ಕುಂಡದ ಸಂತತಿ ಇದೇ ಹೊರತು ಬಡಬಾನಲದ ವ್ಯಾಖ್ಯಾನವಲ್ಲ. ಬೃಹತ್ಸಂಹಿತೆಯನ್ನು ಪಾಠಹೇಳುವವರು ಮಾರ್ಗಶಿರ ಶುಕ್ಲದಲ್ಲಿ ಚಂದ್ರನು ಪೂರ್ವಾಷಾಢೆಗೆ ಬಂದಂದಿನಿಂದ ಗರ್ಭಲಕ್ಷಣಗಳನ್ನು ಗುರುತುಹಾಕಿ, 195ನೆಯ ದಿನದ ಮಳೆಯನ್ನು ದೇವರ ಹಿಪ್ಪರಗಿಯ ಮಾಪಕದ ಅಂಕೆಗಳೊಡನೆ ಕೆಲವು ವರ್ಷ ಹೋಲಿಸಿ ಪ್ರಕಟಿಸಬಹುದು. ಭಟ್ಟೋತ್ಪಲನ ವ್ಯಾಖ್ಯಾನವು ಕೈಯಲ್ಲಿದ್ದರೆ ಲಕ್ಷಣಗಳನ್ನು ಗುರುತಿಸುವುದು ಕಷ್ಟವಾಗದು.