ಅಕ್ಷರಸಂಖ್ಯೆಯೂ ಪಾಠಶುದ್ಧಿಯೂ

ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯು 29 ಸ್ಥಾನಗಳದು. ದ್ವಿರೂಪವರ್ಗಧಾರೆಯ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವದು. ಎಂದರೆ 96 ಎರಡುಗಳನ್ನು ಪರಸ್ಪರ ಗುಣಿಸಿ ಬರುವ 79228162514264337593543950336. ಕಟಪಯಾದಿ ಕ್ರಮದಲ್ಲಿ, ಏಕಸ್ಥಾನದಿಂದ ಮೊದಲುಗೊಂಡು, ಒಂದು ಗಾಥೆಯ ಮೊದಲ 29 ಅಕ್ಷರಗಳು ಇದನ್ನು ಸೂಚಿಸುತ್ತವೆ.

ಅವುಗಳಲ್ಲಿ ನಾಲ್ಕನೆಯದು ನಕಾರ, ಬೆಲೆ ಸೊನ್ನೆ. ಪ್ರಾಕೃತದ ರೂಢಿಗೆ ಒಗ್ಗಿಸಲೆಂದು ಲಿಪಿಕಾರನು ಅದನ್ನು ಣಕಾರವಾಗಿ ತಿದ್ದಿದರೆ ಬೆಲೆ ಐದಾಗಿ, ಸಂಖ್ಯೆಯು 5000 ಹೆಚ್ಚುತ್ತದೆ. ಅದನ್ನು 16ರಿಂದ ಭಾಗಿಸಿದರೆ 8 ಉಳಿಯುತ್ತದೆ. ಶುದ್ಧಸಂಖ್ಯೆಯಲ್ಲಿ ಶೇಷವೇ ಇಲ್ಲ. ಲಕಾರವು ಳಕಾರವಾದರೂ ಮೂರು ಒಂಬತ್ತಾಗುತ್ತದೆ. ವ್ಯಾಕರಣಕ್ಕೆ ಸಾಧುವೆನಿಸಿದ ಪಾಠವು ಗಣಿತಕ್ಕೆ ಅಸಾಧುವಾಗುವ ಇಂಥ ಸ್ಥಳದಲ್ಲಿ ಸಂಪಾದಕನು ಲೆಕ್ಕವನ್ನೇ ಪ್ರಮಾಣವಾಗಿ ಹಿಡಿಯತಕ್ಕದ್ದು. ಪ್ರತಿಗಳ ಬಹುಮತವು ಇಲ್ಲಿ ಸಾಕ್ಷಿಯಾಗದು.